ನೀರುನಾಯಿ ತೋರಿಸಲು ಹೊರಟವಳು

ಭಟ್ಕಳದ ನನ್ನ ಫೋಟೋ ಸ್ಟುಡಿಯೋಗೆ ಬೀಗ ಹಾಕಿ ನಾನೂ ನನ್ನ ಹೆಂಡತಿ ನಾಗವೇಣಿಯೂ ಬೆಳಗಿನ ಬಸ್ಸು ಹತ್ತಿದೆವು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಹೆಗಲಲ್ಲಿ ಕ್ಯಾಮೆರಾ, ಅವಳ ಮಡಿಲಲ್ಲಿ ಅವಲಕ್ಕಿ ಡಬ್ಬಿ. ಹೊರಟದ್ದು ಅಘನಾಶಿನಿ ಹೊಳೆಗೆ, ನೀರುನಾಯಿಯ ಚಿತ್ರ ತೆಗೆಯಲು.

ಮದುಮಕ್ಕಳನ್ನು ಕುರ್ಚಿಯಲ್ಲಿ ಕೂರಿಸಿ "ಅಲುಗಬೇಡಿ" ಎನ್ನುವ ಕಸುಬು ನನ್ನದು. ಅದು ಬೇಜಾರಾದಾಗ ಊರ ಸುತ್ತಲಿನ ಕಾಡುಪ್ರಾಣಿಗಳ ಬೆನ್ನು ಹತ್ತುತ್ತಿದ್ದೆ. ತೆಂಗಿನಗುಂಡಿಯ ಮರಳಿನಲ್ಲಿ ಸಿಕ್ಕ ನರಿಯ ಚಿತ್ರವನ್ನು ಗಾಜಿನ ಕಪಾಟಿನಲ್ಲಿಟ್ಟರೆ ಬಂದವರೆಲ್ಲ "ಯಾರ ಮನೆ ನಾಯಿ ಮಾರಾಯ್ರೆ ಇದು?" ಎಂದು ಕೇಳಿ ನನ್ನ ಹೊಟ್ಟೆ ಉರಿಸುತ್ತಿದ್ದರು. ನಾಗವೇಣಿ ಮಾತ್ರ ನಗಲಿಲ್ಲ. "ನಮ್ಮೂರ ಹೊಳೆಗೆ ಬನ್ನಿ, ನೀರುನಾಯಿ ತೋರಿಸ್ತೆ. ಅದ್ರ ಮೀಸೆ ಕಂಡವ್ರು ಯಾರೂ ತಪ್ಪು ಹೆಸ್ರು ಹೇಳೂದಿಲ್ಲ" ಎಂದಿದ್ದಳು.

ಕೆಂಪು ಧೂಳು ಕುಡಿಯುತ್ತ ಹೊನ್ನಾವರದ ಈಚೆ ದಡದ ಕಾಸರಕೋಡಿಗೆ ಬಂದಿಳಿದು, ಶರಾವತಿ ದಾಟಲು ಲಾಂಚಿಗೆ ಕಾದೆವು. ಹೊಸ ಪೈಸೆ ಬಂದಿದ್ದರೂ ಟಿಕೇಟಿನವನು ಇನ್ನೂ ಆಣೆಯಲ್ಲೇ ಕೂಗುತ್ತಿದ್ದ. ಹೊಳೆಯ ನಡುವೆ ಗಾಳಿ ತಂಪಾಗಿತ್ತು. ಇದೇ ಸಮಯವೆಂದು ನಾನು ಮೆಲ್ಲಗೆ ಕೇಳಿದೆ, "ಅಷ್ಟು ದೂರ ಹೋಗಿ ನಿನ್ನ ಅಣ್ಣನ ಮನೆಗೆ ಹೋಗದೆ ಬರೂದಾ?"

"ಕರೀದೆ ಹೋಗೂಕೆ ನಾನು ಎಂತ ಗತಿಗೆಟ್ಟವಳ?" ಎಂದು ಅವಳು ಮುಖ ಆಚೆ ತಿರುಗಿಸಿದಳು.

ಅವಳ ತಾಯಿ ತೀರಿದ್ದು ಜಡಿಮಳೆಯ ದಿನಗಳಲ್ಲಿ. ಹೊಳೆ ತುಂಬಿ ದೋಣಿ ನಿಂತು, ಸುದ್ದಿ ಭಟ್ಕಳಕ್ಕೆ ಮುಟ್ಟುವಾಗ ಚಿತೆ ಆರಿತ್ತು. ಸಂಕಟದಲ್ಲಿ ಇವಳು ಅಣ್ಣ ಬೀರಣ್ಣನಿಗೆ, "ಅವ್ವಿ ಮುಖ ತೋರಿಸದವ ನೀನು" ಎಂದುಬಿಟ್ಟಳು. ನಮ್ಮ ಕಡೆ ಚೌತಿ ಹಬ್ಬಕ್ಕೆ ಅಣ್ಣ ಬಂದು ಕರೆದರೇ ಕೊಟ್ಟ ಹೆಣ್ಣು ತವರಿಗೆ ಹೋಗುವುದು. ಆ ವರ್ಷದಿಂದ ಅವನು ಬರಲಿಲ್ಲ, ಇವಳು ಹೋಗಲಿಲ್ಲ. ಚೌತಿಯ ಮುನ್ನಾದಿನ ಮಾತ್ರ ಬಸ್ಸಿನ ಸದ್ದಾದಾಗಲೆಲ್ಲ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿ ಬರುತ್ತಿದ್ದಳು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಹೊನ್ನಾವರದಲ್ಲಿ ಚಾ, ಬನ್ಸ್ ತಿಂದು ಇನ್ನೊಂದು ಬಸ್ಸು ಹಿಡಿದೆವು. ಕುಮಟಾದಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿ ಉಳಿದೆವು. ಮರುದಿನ ಬೆಳಕು ಹರಿಯುವಾಗ ಹತ್ತಿರದ ಹೆಗಡೆ ಊರಿನಿಂದ ಇಳಿತದ ನೀರಿನೊಂದಿಗೆ ಹೊರಟ ದೋಣಿಯಲ್ಲಿ ಕೂತೆವು. ಅವಳ ಊರು ಇನ್ನೂ ಒಂದು ಕೂಗಳತೆ ಇರುವಾಗಲೇ ನಾಗವೇಣಿ, "ಇಲ್ಲೇ ಇಳಿಸು ತಮ್ಮಾ" ಎಂದು ದೋಣಿಯವನಿಗೆ ಹೇಳಿದಳು. ಹೊಳೆಯಂಚಿನ ತಗ್ಗಿನ ಗಜನಿ ಗದ್ದೆಗೆ ಉಪ್ಪುನೀರು ನುಗ್ಗದಂತೆ ಕಟ್ಟಿದ ಮಣ್ಣಿನ ಒಡ್ಡು ಅದು. ಅದರಾಚೆ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಮೇಲಿಂದ ಅವಳ ತವರಿನ ತೆಂಗಿನ ತಲೆಗಳು ಕಾಣುತ್ತಿದ್ದವು. ಅವಳು ಆ ಕಡೆಗೆ ಬೆನ್ನು ಹಾಕಿ ಕೂತಳು.

ಕೆಸರಿನಲ್ಲಿ ಹೆಜ್ಜೆಗುರುತುಗಳಿದ್ದವು. "ಕಬ್ಬೆಕ್ಕಿನದು" ಎಂದೆ ನಾನು, ಬಲ್ಲವನ ಗತ್ತಿನಲ್ಲಿ.

"ನಿಮ್ಮ ತಲೆ! ಬೆರಳ ಮಧ್ಯ ಚರ್ಮ ಒತ್ತಿದ್ದು ಕಾಣೂದಿಲ್ವ? ಪಕ್ಕದಲ್ಲಿ ಮೀನಿನ ಪೊರೆ ಬೇರೆ ಉಂಟು."

ಬಿಸಿಲೇರಿತು. ಕ್ಯಾಮೆರಾ ಹಿಡಿದ ಕೈ ಜೋಮು ಹಿಡಿಯಿತು. ನೀರು ಸುಮ್ಮನೆ ಹರಿಯುತ್ತಿತ್ತು. "ನಿನ್ನ ನೀರುನಾಯಿ ನಂಟರ ಮನೆಗೆ ಹೋಗಿರಬೇಕು" ಎಂದು ರೇಗಿಸಿದೆ. ಅವಳು ಅತ್ತಿತ್ತ ನೋಡಿ, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದಳು. ಒಂದು ಗಿಡ್ಡ, ಒಂದು ಉದ್ದ. ಮದುವೆಯಾದಂದಿನಿಂದ ನನಗೆ ಗೊತ್ತಿಲ್ಲದ ವಿದ್ಯೆ! ನಾನು ಬಾಯಿ ಬಿಟ್ಟು ನೋಡುತ್ತಿರುವಾಗಲೇ ಹೊಳೆಯಲ್ಲಿ ಮೂರು ತಲೆಗಳು ಎದ್ದವು. ಚಪ್ಪಟೆ ಮೂತಿ, ನೀರು ತೊಟ್ಟಿಕ್ಕುವ ಮೀಸೆ. ಕತ್ತು ನೀಡಿ ನಮ್ಮತ್ತಲೇ ನೋಡಿದವು.

ನಾನು ಉಸಿರು ಹಿಡಿದು ಕ್ಯಾಮೆರಾ ಸರಿಮಾಡುತ್ತಿದ್ದೆ. ಆಗ ಕಾಂಡ್ಲಾ ಗಿಡಗಳ ಆಚೆಯಿಂದ ಅದೇ ಶಿಳ್ಳೆ ಕೇಳಿತು. ಒಂದು ಗಿಡ್ಡ, ಒಂದು ಉದ್ದ.

"ಅಲ್ಲಿ ಇನ್ನೊಂದು ಉಂಟು" ಎಂದು ಪಿಸುಗುಟ್ಟಿದೆ.

"ಅದು ನೀರುನಾಯಿ ಅಲ್ಲ." ನಾಗವೇಣಿ ಎದ್ದು ನಿಂತುಬಿಟ್ಟಳು. "ಅದು ಅಣ್ಣ."

ತಲೆಗಳು ಗುಳುಂ ಎಂದು ಮುಳುಗಿದವು. ಆಮೇಲೆ ಕೈ ತಡೆಯದೆ ಗುಂಡಿ ಒತ್ತಿಬಿಟ್ಟೆ.

ಚಿಕ್ಕವಳಿದ್ದಾಗ ಅವಳು ಈ ಒಡ್ಡಿನಲ್ಲೇ ನೀರುನಾಯಿ ನೋಡುತ್ತ ಹೊತ್ತು ಮರೆಯುತ್ತಿದ್ದಳಂತೆ. ನೀರುನಾಯಿಯ ಕೂಗನ್ನು ಅಣಕಿಸಿ ಶಿಳ್ಳೆ ಕಲಿಸಿದವನು ಅಣ್ಣ. ಉಣ್ಣುವ ಹೊತ್ತಿಗೆ ಹಾಗೆಯೇ ಮನೆಯಿಂದ ಕರೆಯುತ್ತಿದ್ದ. ಇದನ್ನೆಲ್ಲ ತಡವರಿಸುತ್ತ ಹೇಳಿ ಅವಳು ನಿಂತೇ ಇದ್ದಳು. ಕಾಲು ಮುಂದೆ ಬರಲಿಲ್ಲ. ಶಿಳ್ಳೆ ಮತ್ತೊಮ್ಮೆ, ಇನ್ನಷ್ಟು ಹತ್ತಿರದಲ್ಲಿ ಕೇಳಿತು.

"ಕರೀತಿದ್ದಾನಲ್ಲೇ, ಹೋಗು!" ಎಂದೆ ನಾನು.

ಸೀರೆ ಎತ್ತಿಕಟ್ಟಿ ಮೊಣಕಾಲುದ್ದದ ಕೆಸರಿನಲ್ಲಿ ಓಡಿದಳು. ಗಿಡಗಳ ಸಂದಿಯಿಂದ ಹೊಳೆಯಲ್ಲಿ ಹೆಕ್ಕಿದ ಬಳಚಿನ ಚಿಪ್ಪು ತುಂಬಿದ ಸಣ್ಣ ದೋಣಿ ಬಂತು. ಅದರಲ್ಲಿ ನೆರೆತ ತಲೆಯ ಬೀರಣ್ಣ. ಅವನು ಹುಟ್ಟು ಕೆಳಗಿಟ್ಟು ಅವಳನ್ನೇ ನೋಡಿದ.

"ಎಷ್ಟೊತ್ತು ಕರೆಯೂದು ತಂಗಿ? ಗಂಜಿ ಆರಿ ಹೋತು" ಎಂದ.

ಅವಳು ದೋಣಿಯ ಅಂಚು ಹಿಡಿದು ಗೊಳೋ ಎಂದು ಅತ್ತಳು. "ಭಾವ, ನೀವೂ ಹತ್ತಿ" ಎಂದು ಅವನು ನನಗೆ ಹೇಳಿದ, ನಿನ್ನೆ ತಾನೇ ನೋಡಿದವನ ಹಾಗೆ. ಆ ಮನೆಯಲ್ಲಿ ಗಂಜಿಗೆ ಬಳಚಿನ ಸುಕ್ಕ. ನಾಗವೇಣಿ ಊಟ ಬಿಟ್ಟು ಗೋಡೆಗೊರಗಿಸಿದ್ದ ಒಂದು ಮಣೆಯನ್ನೇ ನೋಡುತ್ತಿದ್ದಳು. "ಅವ್ವಿದು. ಯಾರೂ ಕೂರೂದಿಲ್ಲ" ಎಂದ ಬೀರಣ್ಣ.

ಆಮೇಲೆ ಭಟ್ಕಳದಲ್ಲಿ ಫಿಲ್ಮು ತೊಳೆದಾಗ ಸಿಕ್ಕಿದ್ದು ನೀರಿನ ಉಂಗುರಗಳು ಮಾತ್ರ. ಅದನ್ನೂ ಕಪಾಟಿನಲ್ಲಿ ನರಿಯ ಪಕ್ಕ ಇಟ್ಟಿದ್ದೇನೆ. ಏನೆಂದು ಕೇಳಿದವರಿಗೆ ನಾನು ನೀರುನಾಯಿ ಎನ್ನುತ್ತೇನೆ, ನಾಗವೇಣಿ ತನ್ನ ತವರು ಎನ್ನುತ್ತಾಳೆ.

ಅವಳ ತವರಿನಿಂದ ಮರಳಿ ಹೊರಟ ದಿನ ದೋಣಿ ತುಂಬ ಕುಮಟಾ ಸಂತೆಗೆ ಹೊರಟವರು, ಬುಟ್ಟಿಗಳು, ಕೋಳಿಗಳು. ದಡದಲ್ಲಿ ಬೀರಣ್ಣ ನಿಂತಿದ್ದ. ಕೈ ಬೀಸಲಿಲ್ಲ. ದೋಣಿ ತಿರುವಿಗೆ ಬಂದು ಅವನು ಮರೆಯಾದ ಮೇಲೆ ಆ ಶಿಳ್ಳೆ ಕೇಳಿತು. ನಾಗವೇಣಿ ಸೆರಗು ಬಿಗಿದುಕೊಂಡು ಸುತ್ತ ಕೂತ ಗಂಡಸರನ್ನು ನೋಡಿದಳು, ನನ್ನನ್ನು ನೋಡಿದಳು.

"ಹಾಕೇ, ಯಾರು ಎಂತ ಹೇಳ್ತ್ರು ನೋಡ್ವ" ಎಂದೆ.

ಅವಳು ಎದ್ದು ನಿಂತು ಬಾಯಿಗೆ ಬೆರಳಿಟ್ಟಳು. ದೋಣಿಯಲ್ಲಿದ್ದ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಅವಳು ಯಾರನ್ನೂ ನೋಡಲಿಲ್ಲ. ಹಿಂದೆ ಸರಿಯುತ್ತಿದ್ದ ನೀರಿನ ಕಡೆಗೆ ಕಿವಿಗೊಟ್ಟು, ಹೆಗಡೆಯ ದಡ ಮುಟ್ಟುವವರೆಗೂ ನಿಂತೇ ಇದ್ದಳು.