ಮಲ್ಲಪ್ಪನ ಹಡಗು

ಆಳಂದದ ಬಸ್ ನಿಲ್ದಾಣದ ಹಿಂದೆ ಒಬ್ಬ ಕಮ್ಮಾರನ ಕುಲುಮೆಯಿದೆ. ಮೊನ್ನೆ ಅಫಜಲಪುರದ ಬಸ್ಸಿಗೆ ಕಾಯುತ್ತಿದ್ದಾಗ ಅಲ್ಲಿಂದ ಕಲ್ಲಿದ್ದಲು ಸುಟ್ಟ ವಾಸನೆ ಬಂತು. ನಿಮಗೆ ಅದು ಬರೀ ಹೊಗೆ ಅನಿಸೀತು. ನನಗೆ ಹಡಗು ನೆನಪಾಯಿತು. ನಗಬೇಡಿ. ಈ ವಯಸ್ಸಿಗೂ ನಾನು ಸಮುದ್ರ ಕಂಡವನಲ್ಲ. ತುಂಬಿದ ಭೀಮಾ ನದಿಯನ್ನು ನೋಡಿಯೇ ದಡದಿಂದ ಹಿಂದೆ ಸರಿದವನು.

ನಮ್ಮ ಅಜ್ಜಿಯ ತಂಗಿ ಗೌರವ್ವ ಅಫಜಲಪುರದ ನಮ್ಮ ಮನೆಯಲ್ಲೇ ಇದ್ದಳು. ಅವಳ ಗಂಡ ಮಲ್ಲಪ್ಪ ಮದುವೆಯಾದ ಹೊಸದರಲ್ಲಿ ಮುಂಬೈಗೆ ಹೋಗಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಸರಕು ಸಾಗಿಸುವ ಹಡಗೊಂದರಲ್ಲಿ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ ಹಿಡಿದಿದ್ದ. ಹತ್ತಿ, ಎಣ್ಣೆಬೀಜ ಹೊತ್ತು ಆಫ್ರಿಕದ ಕಡೆಗೆ ಹೊರಟ ಆ ಹಡಗನ್ನು ಜಲಾಂತರ್ಗಾಮಿಯೊಂದು ಹೊಡೆದು ಮುಳುಗಿಸಿತು. ಮಣ್ಣು ಕೊಡಲು ಮಲ್ಲಪ್ಪನ ದೇಹ ಬರಲಿಲ್ಲ. ಬಂದದ್ದು ಅವನ ಜೊತೆಗಾರ, ಜೇವರ್ಗಿಯ ಇಮಾಮಸಾಬ್.

ಆಮೇಲೆ ಪ್ರತಿವರ್ಷ ಜೋಳದ ಎಳೆ ತೆನೆ ಸುಟ್ಟು ಸೀತನಿ ತಿನ್ನುವ ಹೊತ್ತಿಗೆ ಇಮಾಮಸಾಬರು ನಮ್ಮ ಮನೆಗೆ ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು ಹಡಗಿನ ಮಾತು ತೆಗೆಯುತ್ತಿದ್ದರು. "ಕೆಮ್ಮೂ ಮುದುಕಿ ಇದ್ದಂಗಿತ್ತರಿ. ಒಲಿ ಮುಂದ ನಿಂತ್ರ ಮೈಯಾಗಿನ ನೀರೆಲ್ಲಾ ಇಳೀತಿತ್ತು." ಊರಲ್ಲಿ ಯಾರಿಗೂ ಆ ಮಾತು ಬೇಕಿರಲಿಲ್ಲ. ಸಮುದ್ರ ನೋಡದವರ ನಡುವೆ ಸಮುದ್ರದಿಂದ ಉಳಿದು ಬಂದವನ ಪಾಡು ಅದು. ಕೇಳುತ್ತಿದ್ದವಳು ಗೌರವ್ವಜ್ಜಿ ಒಬ್ಬಳೇ. ಅವಳ ಮೌನವನ್ನು ಅರಿತವರು ಕೂಡ ಇಮಾಮಸಾಬರೊಬ್ಬರೇ.

ನಾನು ಕಾಲೇಜಿನ ರಜೆಗೆ ಬಂದಿದ್ದ ವರ್ಷ ಇಮಾಮಸಾಬರು ಸೀತನಿ ಮುಟ್ಟಲಿಲ್ಲ.

"ತಂಗೀ, ಇಷ್ಟು ವರ್ಷ ಒಂದ್ ಮಾತು ಮುಚ್ಚಿಟ್ಟೇನಿ," ಅಂದರು. "ಅವತ್ತು ಮುಂಜಾನಿ ಕೆಳಗಿನ ಪಾಳಿ ನಂದಿತ್ತು. ಮೈಯಾಗ ಜ್ವರ. ಮಲ್ಲಪ್ಪ ‘ನೀ ಮ್ಯಾಲ ಮಲಕೋಲೇ, ನಾ ಇಳೀತೇನಿ’ ಅಂದ. ಇಳದ. ಆಮ್ಯಾಲ ಹೊಡತ ಬಿತ್ತು. ನಾ ದೋಣಿ ಹತ್ತಿದೆ."

ಗೌರವ್ವಜ್ಜಿ ಎದ್ದು ಒಳಗೆ ಹೋದಳು. ಇಮಾಮಸಾಬರು ಟೋಪಿಯನ್ನು ಕೈಯಲ್ಲಿ ಹಿಡಿದು, ಹೋಗಲೂ ಆಗದೆ ಇರಲೂ ಆಗದೆ ಕೂತರು. ಅವಳು ಮತ್ತೆ ಬರುವುದಿಲ್ಲವೆಂದೇ ನಾನೂ ಅಂದುಕೊಂಡೆ. ಬಂದಳು. ಕೈಯಲ್ಲಿ ರೊಟ್ಟಿಯ ತಾಟಿತ್ತು.

"ಅಣ್ಣಾ, ನೀ ಇಳದಿದ್ರ ಜೇವರ್ಗ್ಯಾಗ ನಿನ್ನ ಹೇಣ್ತಿ, ನಮ್ಮ ವೈನಿ, ನನ್ನಂಗ ಕುಂದರ್ತಿದ್ಲು," ಅಂದಳು. ತಾಟನ್ನು ಅವರ ಮುಂದಿಟ್ಟು, "ಮಲ್ಲಪ್ಪ ಅಂಥಾವನ ಇದ್ದನೇನು? ನಂಗ ಅವನ ಸ್ವಭಾವ ತಿಳ್ಯಾಕ ಸೈತ ದಿನ ಸಿಗಲಿಲ್ಲ. ಉಣ್ಣು."

ಗಂಡನ ಹೆಸರನ್ನು ಅವಳ ಬಾಯಲ್ಲಿ ಕೇಳಿದ್ದು ಅದೊಂದೇ ಸಲ. ಇಮಾಮಸಾಬರು ಅಳುತ್ತಲೇ ಉಂಡರು.

ಈಗ ಇಬ್ಬರೂ ಇಲ್ಲ. ಹೆಂಡತಿ ಹೋದಮೇಲೆ ನಾನೂ ಮಾತು ಕಡಿಮೆ ಮಾಡಿದ್ದೇನೆ. ಮನೆಯಲ್ಲಿ ರೇಡಿಯೊ ಒಂದೇ ಮಾತಾಡುತ್ತದೆ. ಬಸ್ಸು ಬಂತು. ಪಕ್ಕದ ಸೀಟಿನಲ್ಲಿ ತೊಗರಿ ವ್ಯಾಪಾರದವರೊಬ್ಬರು ಕೂತರು. ನಾನು ಎಂದಿನಂತೆ ಕಿಟಕಿಯ ಕಡೆ ಮುಖ ತಿರುಗಿಸಲಿಲ್ಲ.

"ನಮ್ಮ ಊರಾಗ ಮಲ್ಲಪ್ಪ ಅಂತ ಒಬ್ಬಾಂವ ಇದ್ದರಿ," ಅಂದೆ. "ಹಡಗಿನ್ಯಾಗ ಹೋದ."

"ಹಡಗೇನ್ರಿ? ನಮ್ಮ ಕಡಿಯಾಂವ?" ಎಂದು ಅವರು ಚೀಲವನ್ನು ಕಾಲಡಿಗೆ ಸರಿಸಿ ನನ್ನತ್ತ ತಿರುಗಿದರು. "ಹೇಳ್ರಿ."