ಬೀಗಿತ್ತಿಯ ಜೊತೆ ಸಮುದ್ರಕ್ಕಿಳಿದದ್ದು

ನಮ್ಮ ಕಡೆ ಬೀಗರ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣಬೇಕೆಂದರೆ ಮೊದಲು ಬೇಡ ಎನ್ನಲು ಕಲಿತಿರಬೇಕು. ಇನ್ನೊಂದು ಮುದ್ದೆ ಹಾಕಲೇ ಎಂದು ಅವರು ಕೇಳಿದ ಕೂಡಲೇ ತಟ್ಟೆಗೆ ಅಡ್ಡ ಕೈ ಹಿಡಿಯಬೇಕು. ಎರಡನೇ ಸಲ ಕೇಳಿದಾಗ ಜಾಗವೇ ಇಲ್ಲ ಎಂದು ಹೊಟ್ಟೆ ಸವರಿಕೊಳ್ಳಬೇಕು. ಮೂರನೇ ಸಲ ಅವರು ನಮ್ಮ ಕೈ ಸರಿಸಿ ಮುದ್ದೆ ಇಕ್ಕಿಬಿಡುತ್ತಾರೆ, ನಾವು ಅಯ್ಯೋ ಎನ್ನುತ್ತಲೇ ಮುರಿದು ಸಾರಿಗೆ ಅದ್ದುತ್ತೇವೆ. ಮೊದಲ ಸಲಕ್ಕೇ ಹಾಕಿ ಎಂದರೆ ಊಟ ಕಾಣದವರು ಎನ್ನುತ್ತಾರೆ. ಎರಡು ಸಲ ಕೇಳಿ ಸುಮ್ಮನಾದರೆ ಆ ಮನೆಯವರದು ಕೈ ಚಿಕ್ಕದು ಎನ್ನುತ್ತಾರೆ. ಐವತ್ತು ದಾಟುವವರೆಗೂ ಈ ಲೆಕ್ಕದಲ್ಲಿ ನನಗೆ ಯಾವ ತಪ್ಪೂ ಕಂಡಿರಲಿಲ್ಲ. ತಪ್ಪು ಕಂಡದ್ದು ಸಮುದ್ರದ ಮೇಲೆ.

ಎರಡು ವರ್ಷದ ಹಿಂದೆ ಮಗಳನ್ನು ಕೆ.ಆರ್. ಪೇಟೆ ತಾಲ್ಲೂಕಿಗೆ, ಸಂತೆಬಾಚಹಳ್ಳಿ ಹತ್ತಿರದ ಒಂದು ಊರಿಗೆ ಕೊಟ್ಟೆವು. ಒಳ್ಳೆಯ ಮನೆ, ತೆಂಗಿನ ತೋಟ, ಕೊಟ್ಟಿಗೆ ತುಂಬ ಹಸು. ನಾನು ಬಾಬುರಾಯನಕೊಪ್ಪಲಿನವಳು, ಶ್ರೀರಂಗಪಟ್ಟಣದ ಒಂದು ಕಚೇರಿಯಲ್ಲಿ ಕೆಲಸ. ಕಚೇರಿಯಲ್ಲಿ ನನ್ನ ಬಾಯಿಗೆ ಸಾಹೇಬರೂ ಹೆದರುತ್ತಾರೆ. ಆದರೆ ಹೆಣ್ಣು ಕೊಟ್ಟ ದಿನದಿಂದ ಬೀಗರ ಮುಂದೆ ನಾನು ಬೇರೆಯೇ ಹೆಂಗಸು. ಅವರು ಕೂತ ಮೇಲೆ ಕೂರುತ್ತೇನೆ, ಅವರು ಎದ್ದರೆ ಏಳುತ್ತೇನೆ, ಅವರು ಹೇಳಿದ ಹಳೇ ಜೋಕಿಗೂ ನಗುತ್ತೇನೆ. ನಾನು ಒಂದು ಮಾತು ಹೆಚ್ಚುಕಡಿಮೆ ಆಡಿದರೆ ಅದರ ಬಿಸಿ ತಟ್ಟುವುದು ನನ್ನ ಮಗಳಿಗೆ ಎಂಬ ಭಯ. ಬೀಗಿತ್ತಿ ಹೆಚ್ಚು ಮಾತಿನವರಲ್ಲ, ನಗುವುದೂ ಕಡಿಮೆ. ಅವರ ಮನಸ್ಸಿನಲ್ಲಿ ನನ್ನ ಮಗಳಿಗೆ ಎಷ್ಟು ಜಾಗ ಇದೆಯೋ ನನಗೆ ತಿಳಿದಿರಲಿಲ್ಲ. ಮಗಳನ್ನು ಕೇಳಿದರೆ ಚೆನ್ನಾಗಿದ್ದೀನಿ ಬಿಡಮ್ಮ ಎನ್ನುತ್ತಿದ್ದಳು. ಹಾಗೆನ್ನದ ಮಗಳನ್ನು ನಾನು ಇನ್ನೂ ನೋಡಿಲ್ಲ.

ಬೀಗರು ಕೆಲಸದಿಂದ ನಿವೃತ್ತರಾದಾಗ ಅಳಿಯ ತಂದೆತಾಯಿಗೆ ಅಂಡಮಾನ್ ಪ್ರವಾಸ ಗೊತ್ತು ಮಾಡಿದ. ಹೆಂಡತಿಯ ತಂದೆತಾಯಿಯನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ನಮಗೂ ಸೇರಿಸಿದ. ಹಸು ಕರೆಯಲು ಅವನೂ ಮಗಳೂ ಮನೆಯಲ್ಲಿ ಉಳಿಯುವುದೆಂದಾಯಿತು. ನಮಗ್ಯಾಕೆ ಎಂದು ನಾವು ಎರಡು ಸಲ ಹೇಳಿ, ಮೂರನೇ ಸಲಕ್ಕೆ ಒಪ್ಪಿಕೊಂಡೆವು. ನನ್ನ ಗಂಡ ಅಷ್ಟರಲ್ಲಾಗಲೇ ತಂಪು ಕನ್ನಡಕ ಕೊಂಡು ತಂದಿದ್ದರು.

ನನಗೂ ಒಳಗೊಳಗೇ ಒಂದು ಆಸೆ ಇತ್ತು. ಪ್ರವಾಸದಲ್ಲಿ ಒಂದು ಇಡೀ ದಿನ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಕರೆದೊಯ್ಯುತ್ತಾರೆ, ಮುಖಕ್ಕೆ ಗಾಜಿನ ಕನ್ನಡಕ ಕಟ್ಟಿ ಬಾಯಿಗೆ ಕೊಳವೆ ಕೊಟ್ಟು ಸಮುದ್ರದ ಒಳಗನ್ನು ತೋರಿಸುತ್ತಾರೆ ಎಂದು ಅಳಿಯ ಹೇಳಿದ್ದ. ಕಾವೇರಿಯ ಪಕ್ಕದಲ್ಲೇ ಹುಟ್ಟಿ ಬೆಳೆದ ನಾನು ಮೊಣಕಾಲಿನ ಮೇಲಕ್ಕೆ ನೀರು ಕಂಡವಳಲ್ಲ. ಬಟ್ಟೆ ಒಗೆಯುವ ಕಲ್ಲು ದಾಟಿದರೆ ನಮ್ಮಮ್ಮ ಒದ್ದೆ ಲಂಗದಿಂದಲೇ ಬಾರಿಸುತ್ತಿದ್ದಳು. ಅಣ್ಣಂದಿರು ಮಾತ್ರ ಬಂಡೆ ಮೇಲಿಂದ ಧುಮುಕಿ, ಮುಳುಗಿ, ಎಷ್ಟೋ ಹೊತ್ತಿಗೆ ಏಳುತ್ತಿದ್ದರು. ಒಳಗೆ ಏನಿದೆಯೋ ಎಂದು ಕೇಳಿದರೆ, ದೀಪ ಹಚ್ಚಿದ ಅರಮನೆ ಇದೆ, ಹೆಣ್ಣುಮಕ್ಕಳಿಗೆ ಕಾಣುವುದಿಲ್ಲ ಎನ್ನುತ್ತಿದ್ದರು. ಅದು ಸುಳ್ಳೆಂದು ಬುದ್ಧಿಗೆ ಬೇಗ ತಿಳಿಯಿತು. ಹೊಟ್ಟೆಕಿಚ್ಚಿಗೆ ಇನ್ನೂ ತಿಳಿದಿಲ್ಲ. ನೀರಿನ ಒಳಗನ್ನು ಒಂದು ಸಲವಾದರೂ ಕಣ್ಣಾರೆ ನೋಡಬೇಕು ಎಂದು ಮಗಳ ಹತ್ತಿರ ಎಷ್ಟೋ ಸಲ ಹೇಳಿದ್ದೆ. ಬೇರೆ ಯಾರಿಗೂ ಹೇಳಿರಲಿಲ್ಲ. ದೋಣಿಯ ದಿನ ಚೂಡಿದಾರ ಹಾಕಿಕೊಂಡು, ಬದಲಿಸಲು ಇನ್ನೊಂದು ಜೊತೆಯನ್ನು ಚೀಲದ ತಳದಲ್ಲಿ ಮುಚ್ಚಿಟ್ಟುಕೊಂಡು ಹೊರಟೆ. ಬೀಗಿತ್ತಿ ಎಂದಿನಂತೆ ಸೀರೆಯಲ್ಲಿದ್ದರು.

ದೋಣಿ ಹತ್ತುವಾಗಲೇ ತೊಂದರೆ ಶುರುವಾಯಿತು. ದಡಕ್ಕೂ ದೋಣಿಗೂ ಒಂದು ಹಲಗೆ ಹಾಕಿದ್ದರು. ಗಂಡಿನ ಕಡೆಯವರು ಮೊದಲು ಹತ್ತಲಿ ಎಂದು ನಾವು ಸರಿದು ನಿಂತೆವು. ನೀವು ಹತ್ತಿ ಎಂದು ಅವರು ಸರಿದರು. ಛೆ ಎಲ್ಲಾದರೂ ಉಂಟೇ ಎಂದು ನನ್ನ ಗಂಡ ಇನ್ನೂ ಹಿಂದಕ್ಕೆ ಸರಿದರು. ಅಷ್ಟರಲ್ಲಿ ನಮ್ಮ ಹಿಂದಿದ್ದ ಪ್ರವಾಸಿಗರೆಲ್ಲ ಹತ್ತಿ ನೆರಳಿರುವ ಜಾಗಗಳನ್ನು ಹಿಡಿದರು. ಬೀಗರು ನಾಲ್ವರೂ ದಿನವಿಡೀ ಬಿಸಿಲಿನಲ್ಲಿ ಮರ್ಯಾದೆಯಿಂದ ಕೂತೆವು.

ದೋಣಿಯ ಗೈಡು ಚುರುಕಿನ ಮನುಷ್ಯ. ಬೆಂಗಳೂರಿನ ಪ್ರವಾಸಿಗರಿಂದ ಕಲಿತ ನಾಲ್ಕು ಕನ್ನಡ ಮಾತು ಅವನಿಗೆ ಬರುತ್ತಿದ್ದವು. ಅವನಲ್ಲಿ ಇದ್ದದ್ದು ಒಂದೇ ಕೊರತೆ. ಯಾರನ್ನೇ ಆಗಲಿ ಒಂದು ಸಲ ಮಾತ್ರ ಕೇಳುತ್ತಿದ್ದ.

ಮೊದಲ ದ್ವೀಪದಲ್ಲಿ ಮೊಣಕಾಲುದ್ದದ ತಿಳಿನೀರು, ಈಜಲು ಕಲಿಯುವವರಿಗೆ ಹೇಳಿಮಾಡಿಸಿದ ಜಾಗ. ಅಮ್ಮಾ ನೀರಿಗೆ ಬರ್ತೀರಾ ಎಂದು ಗೈಡು ಬೀಗಿತ್ತಿಯನ್ನು ಕೇಳಿದ. ನಮಗ್ಯಾಕೆ ಬುಡಪ್ಪ ಎಂದರು. ಅವನು ಸರಿ ಎಂದು ತಲೆಯಾಡಿಸಿ ನನ್ನ ಕಡೆ ತಿರುಗಿದ. ಬೀಗಿತ್ತಿ ದಡದಲ್ಲಿ ಕೂತಿರುವಾಗ ನಾನು ಬಟ್ಟೆ ನೆನೆಸಿಕೊಂಡು ಕುಣಿದಾಡಿದರೆ ಆ ಚಿತ್ರ ಸಂತೆಬಾಚಹಳ್ಳಿಯಲ್ಲಿ ಎಷ್ಟು ವರ್ಷ ಓಡುತ್ತದೋ ಎಂದು ಯೋಚಿಸಿ, ನಾನೂ ಬೇಡ ಎಂದೆ. ಅವನು ಅದನ್ನೂ ನಂಬಿದ. ಬೀಗಿತ್ತಿ ಒಪ್ಪಿದರೆ ನನ್ನ ದಾರಿಯೂ ತೆರೆಯುತ್ತದೆಂದು ಅವರನ್ನು ಒತ್ತಾಯಿಸಲು ಶುರುಮಾಡಿದೆ. ಒಂದು ಸಲ ಕೇಳಿದೆ, ನೀವು ಓಗಿ ಎಂದರು. ಎರಡನೇ ಸಲ ಕೇಳಿದೆ, ಈ ವಯಸ್ನಾಗೆ ಎಂದರು. ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಗೈಡು ಸೀಟಿ ಊದಿದ.

ಗಂಡಸರ ಕಥೆ ಇನ್ನೂ ಚೆನ್ನಾಗಿತ್ತು. ಪ್ಯಾಂಟು ಮಡಚಿಕೊಂಡು ನೀರಿನ ಅಂಚಿಗೆ ಬಂದ ಬೀಗರೂ ನನ್ನ ಗಂಡನೂ, ನೀವು ಇಳೀರಿ, ಇಲ್ಲ ನೀವು ಇಳೀರಿ ಎಂದು ಒಬ್ಬರಿಗೊಬ್ಬರು ದಾರಿ ಬಿಡುತ್ತಾ ನಿಂತರು. ಸಮುದ್ರಕ್ಕೆ ಬೇಸರವಾಯಿತೇನೋ, ದೊಡ್ಡದೊಂದು ಅಲೆ ಬಂದು ಇಬ್ಬರನ್ನೂ ಒಟ್ಟಿಗೇ ಕೆಡವಿ, ನನ್ನ ಗಂಡನ ತಂಪು ಕನ್ನಡಕ ತೆಗೆದುಕೊಂಡು ಹೋಯಿತು. ಯಾರು ಮೊದಲು ಬಿದ್ದರು ಎಂದು ಗೊತ್ತಾಗದ ಕಾರಣ ಯಾರ ಮರ್ಯಾದೆಗೂ ಕುಂದು ಬರಲಿಲ್ಲ. ಆಮೇಲೆ ಇಬ್ಬರೂ ಎಮ್ಮೆಗಳ ಹಾಗೆ ನೀರಲ್ಲೇ ಬಿದ್ದುಕೊಂಡರು. ಅವರನ್ನು ನೋಡಿ ನನಗೆ ಮೈ ಉರಿಯಿತು.

ಎರಡನೇ ದ್ವೀಪದಲ್ಲಿ ಊಟ. ಬಾಳೆಲೆ ಮೇಲೆ ಹುರಿದ ಮೀನು ಬಂತು. ಕೊನೆಗೆ ಒಂದೇ ತುಂಡು ಉಳಿಯಿತು. ಅದು ನನ್ನಿಂದ ಬೀಗಿತ್ತಿಗೆ, ಬೀಗಿತ್ತಿಯಿಂದ ನನಗೆ ಸಾಗುತ್ತಾ ತಣ್ಣಗಾಗಿ, ಅಲ್ಲೇ ಸುಳಿದಾಡುತ್ತಿದ್ದ ನಾಯಿಯ ಪಾಲಾಯಿತು. ನಾಯಿ ಮಾತ್ರ ಒಂದೇ ಸಲಕ್ಕೆ ಒಪ್ಪಿಕೊಂಡಿತು. ಊಟದ ನಂತರ ಮತ್ತೆ ನೀರಿಗೆ ಕರೆದರು. ನಾನು ಬೀಗಿತ್ತಿಯನ್ನು ಒಂದು ಸಲ ಕೇಳಿದೆ, ಎರಡು ಸಲ ಕೇಳಿದೆ. ಅವರು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಸಮುದ್ರ ನೋಡುತ್ತಾ, ಬ್ಯಾಡ ಬುಡಿ ಎಂದರು. ನನಗೆ ರೇಗಿತು. ಇವರನ್ನು ಮೂರನೇ ಸಲ ಕೇಳುವ ಋಣ ನನಗಿಲ್ಲ ಎಂದು ಮುಖ ತಿರುಗಿಸಿ ಕೂತೆ. ಆ ಅರ್ಧ ಗಂಟೆ ನಾವಿಬ್ಬರೂ ನೋಡಿದ್ದು ಬೇರೆಯವರೆಲ್ಲ ನೀರಾಟ ಆಡುವುದನ್ನು.

ಕೊನೆಯ ಜಾಗದಲ್ಲಿ ದೋಣಿ ದಡಕ್ಕೆ ಹೋಗದೆ ನೀರ ನಡುವೆಯೇ ನಿಂತಿತು. ಕೆಳಗೆ ಹವಳದ ದಿಬ್ಬ ಇದೆ, ಇಲ್ಲಿ ನೋಡಿದರೆ ನೋಡಿದ ಹಾಗೆ, ಇಲ್ಲಿಂದ ಸೀದಾ ವಾಪಸ್ಸು ಎಂದ ಗೈಡು. ದೋಣಿಯಲ್ಲಿದ್ದವರೆಲ್ಲ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು ಒಬ್ಬೊಬ್ಬರಾಗಿ ಇಳಿದರು. ಗಂಡಸರಿಬ್ಬರೂ ಏಣಿಯ ಹತ್ತಿರ ಮತ್ತೆ ನೀವು ಮೊದಲು ಎಂಬ ಉಪಚಾರದಲ್ಲೇ ನಿಂತಿದ್ದರು. ಗೈಡು ಬೀಗಿತ್ತಿಯನ್ನು ಕೇಳಿದ. ಅವರು ಬೇಡ ಎಂದರು. ಅವನು ಉಳಿದ ಕನ್ನಡಕಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಎಳೆಯತೊಡಗಿದ. ಆ ಮುಚ್ಚಳ ಮುಚ್ಚಿದರೆ ನನ್ನ ಜೀವಮಾನದ ಆಸೆ ಅದರೊಳಗೇ ಉಳಿಯುತ್ತದೆ ಎನಿಸಿತು. ಮಗಳ ಮುಖ ನೆನಪಾಯಿತು. ಅವಳು ನಾಳೆ ಎರಡು ಮಾತು ಕೇಳಿಕೊಳ್ಳಲಿ, ನಾನೇ ಹೋಗಿ ಸಮಾಧಾನ ಹೇಳುತ್ತೇನೆ ಎಂದುಕೊಂಡು ಎದ್ದು ನಿಂತೆ.

"ನಾನ್ ಇಳೀತೀನಿ" ಅಂದೆ. ಕಚೇರಿಯ ದನಿ ಬಂದುಬಿಟ್ಟಿತ್ತು.

ನನ್ನ ಗಂಡ ಏಣಿ ಬಿಟ್ಟು ತಿರುಗಿ ನೋಡಿದರು. ಬೀಗಿತ್ತಿ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ದೊಡ್ಡದೊಂದು ಉಸಿರು ಬಿಟ್ಟು ಎದ್ದರು. ಗಂಡಸರಿಗೆ ಆ ಕಡೆ ತಿರುಗಲು ಹೇಳಿ ಸೆರಗಿನ ಪಿನ್ನು ಬಿಚ್ಚಿದರು. ನಾನು ಗಾಬರಿಯಿಂದ ಟವೆಲ್ಲು ಅಡ್ಡ ಹಿಡಿದೆ. ಸೀರೆ ಸುರುಳಿ ಸುರುಳಿಯಾಗಿ ಕೆಳಗಿಳಿಯಿತು. ಒಳಗೆ ಅಳಿಯನ ಹಳೇ ಟೀ ಶರ್ಟು. ಅದರ ಕೆಳಗೆ ಕಪ್ಪು ಲೆಗ್ಗಿಂಗ್ಸು, ಎಡಗಡೆ ಮೊಣಕಾಲಿನ ಹತ್ತಿರ ಕೈಹೊಲಿಗೆ. ಆ ಹೊಲಿಗೆ ನನ್ನದು. ಲೆಗ್ಗಿಂಗ್ಸು ನನ್ನ ಮಗಳದು.

ಬೆಳಗಿನಿಂದ ಆ ಬಿಸಿಲಲ್ಲಿ ಸೀರೆಯ ಒಳಗೆ ಅಷ್ಟನ್ನೂ ತೊಟ್ಟು ಕೂತಿದ್ದಿರಾ, ಮತ್ತೆ ಇಳಿಯದೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ನೀವು ಮೂರ್ನೇ ಸಲ ಕರೀನೇ ಇಲ್ವಲ್ಲ ಬೀಗ್ರೇ" ಎಂದರು.

ಗೈಡು ಇಬ್ಬರಿಗೂ ಜಾಕೆಟ್ಟು ಬಿಗಿದು, ಕನ್ನಡಕ ಕಟ್ಟಿ, ಕೊಳವೆಯನ್ನು ಹಲ್ಲಲ್ಲಿ ಕಚ್ಚಲು ಹೇಳಿದ. ಏಣಿ ಇಳಿದು, ಅವನು ಎಳೆಯುವ, ನೀರಲ್ಲಿ ತೇಲುವ ದೊಡ್ಡ ರಬ್ಬರು ಬಳೆಯನ್ನು ಇಬ್ಬರೂ ಒಂದೊಂದು ಕೈಯಲ್ಲಿ ಹಿಡಿದುಕೊಂಡೆವು. ಇನ್ನೊಂದು ಕೈಯಿಂದ ಬೀಗಿತ್ತಿ ನನ್ನ ಕೈ ಹಿಡಿದರು. ದಿನಾ ಎರಡು ಹೊತ್ತು ಹಾಲು ಕರೆಯುವ ಕೈ, ನನ್ನ ಬೆರಳುಗಳು ಲಟಕ್ಕೆಂದವು. ಮುಖ ಮುಳುಗಿಸಿದ ಕೂಡಲೇ ನಾನು ಮೂಗಿನಲ್ಲಿ ಉಸಿರೆಳೆಯಲು ಹೋಗಿ, ಬಾಯಿಂದ ಕೊಳವೆ ಜಾರಿ, ಒಂದು ಲೋಟ ಉಪ್ಪುನೀರು ಕುಡಿದೆ. ಎರಡನೇ ಸಲ ಉಸಿರು ಸರಿಹೋಯಿತು. ಆಗ ಕಂಡಿತು.

ನೀಲಿ, ಹಳದಿ ಪಟ್ಟೆಯ ಮೀನುಗಳು ಗುಂಪು ಗುಂಪಾಗಿ ನನ್ನ ಹೊಟ್ಟೆಯ ಕೆಳಗೇ ಹಾದುಹೋಗುತ್ತಿದ್ದವು. ಹವಳದ ಮೇಲೆ ಬಿಸಿಲು ಅಲ್ಲಾಡುತ್ತಿತ್ತು. ಅಣ್ಣಂದಿರ ಅರಮನೆ ಸುಳ್ಳೇ ಇರಬಹುದು, ದೀಪ ಹಚ್ಚಿದ್ದು ಮಾತ್ರ ನಿಜ ಎನಿಸಿತು. ಸಂತೋಷಕ್ಕೆ ಅಳು ಬಂದು ಕನ್ನಡಕದೊಳಗೂ ನೀರು ಕಟ್ಟಿತು. ಬೀಗಿತ್ತಿ ನನ್ನ ಕೈ ಜಗ್ಗಿ ಜಗ್ಗಿ ಅಲ್ಲಿ ನೋಡಿ, ಇಲ್ಲಿ ನೋಡಿ ಎಂದು ತೋರಿಸುತ್ತಿದ್ದರು. ಇಬ್ಬರ ಬಾಯಲ್ಲೂ ಕೊಳವೆ, ಹಾಗಾಗಿ ನೀವು ಮೊದಲು ನೋಡಿ ಎನ್ನುವಂತಿರಲಿಲ್ಲ. ಎರಡು ವರ್ಷದಲ್ಲಿ ನಾವು ಉಪಚಾರವಿಲ್ಲದೆ ಒಟ್ಟಿಗೆ ಕಳೆದ ಮೊದಲ ಹೊತ್ತು ಅದೇ.

ದೋಣಿಗೆ ಹತ್ತಿ ಕೂತ ಮೇಲೆ ನೋಡಿದರೆ ಬೀಗಿತ್ತಿಯ ತುಟಿ ಬಿಳುಚಿಕೊಂಡಿತ್ತು, ಮೈ ನಡುಗುತ್ತಿತ್ತು. ಚಳಿಯೇ ಎಂದು ಕೇಳಿ ಟವೆಲ್ಲು ಹೊದಿಸಿದೆ.

"ಚಳಿ ಅಲ್ಲ ಕಣಿ, ಎದ್ರಿಕೆ. ನೀರು ಅಂದ್ರೆ ನಂಗೆ ಚಿಕ್ಕೋಳಿದ್ದಾಗಿಂದ ಎದೆ ಒಡ್ಕತದೆ. ನಮ್ ಬಾವಿಗೂ ಬಗ್ಗಿ ನೋಡೋಳಲ್ಲ ನಾನು" ಎಂದರು.

ಹಾಗಾದರೆ ಯಾಕೆ ಇಳಿದಿರಿ ಎಂದೆ. ಅವರು ಲೆಗ್ಗಿಂಗ್ಸಿನ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ನಿಮ್ ಮಗ್ಳು ಏಳಿದ್ಲು. ನಮ್ಮಮ್ಮಂಗೆ ನೀರೊಳ್ಗೆ ನೋಡ್ಬೇಕು ಅಂತ ಬಾಳ ಆಸೆ, ಆದ್ರೆ ನೀವು ಇಳೀದೆ ಅವ್ಳು ಇಳಿಯಾಕಿಲ್ಲ, ಎಂಗಾರ ಮಾಡಿ ನೀವು ಇಳ್ದುಬುಡಿ ಅತ್ತೆ ಅಂದ್ಲು. ಆ ಮಗು ನನ್ನ ಯಾವತ್ತೂ ಏನೂ ಕೇಳ್ದೋಳಲ್ಲ. ಊಂ ಅಂದ್ಬುಟ್ಟೆ."

ನಾನು ಸಮುದ್ರದ ಕಡೆ ತಿರುಗಿಕೊಂಡೆ. ಎರಡು ವರ್ಷ ಯಾರ ಮನಸ್ಸು ನೋಯಬಾರದೆಂದು ಬೆಕ್ಕಿನ ಹಾಗೆ ಹೆಜ್ಜೆ ಇಟ್ಟಿದ್ದೆನೋ ಆ ಹೆಂಗಸು ಬಾವಿಗೆ ಬಗ್ಗದವಳು. ನನ್ನ ಮಗಳ ಒಂದು ಮಾತಿಗೆ ಸಮುದ್ರಕ್ಕಿಳಿಯಲು ಬಂದಿದ್ದಾಳೆ, ನಾನು ಮೂರನೇ ಸಲ ಕರೆಯಲೆಂದು ಬಿಸಿಲಲ್ಲಿ ಕಾದಿದ್ದಾಳೆ. ನಾನು ಅವಳ ಮೇಲೆ ರೇಗಿ ಮುಖ ತಿರುಗಿಸಿ ಕೂತಿದ್ದೆ. ನಾಚಿಕೆಯೂ ಆಯಿತು, ಜೋರಾಗಿ ನಗುವೂ ಬಂತು.

ಅಷ್ಟರಲ್ಲಿ ಗೈಡು ಇನ್ನೂ ಸ್ವಲ್ಪ ಸಮಯ ಇದೆ, ಇನ್ನೊಂದು ಸುತ್ತು ಹೋಗಬಹುದು, ಬರ್ತೀರಾ ಎಂದು ನಮ್ಮಿಬ್ಬರನ್ನೂ ಕೇಳಿದ. ನನಗೆ ಜೀವ ಹಾರುವಷ್ಟು ಆಸೆ. ಆದರೆ ಪಕ್ಕದಲ್ಲಿ ಆ ಹೆಂಗಸು ಇನ್ನೂ ನಡುಗುತ್ತಿದ್ದಳು. ಬೇಡಪ್ಪ, ಸಾಕು ಎಂದೆ. ನನ್ನ ಬಾಯಿಂದ ಬೇಕಾದಷ್ಟು ಬೇಡಗಳು ಬಂದಿವೆ. ಮನಸಾರೆ ಬಂದದ್ದು ಅದೊಂದೇ ಇರಬೇಕು.

ಬೀಗಿತ್ತಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. "ಬನ್ನಿ ಬೀಗ್ರೇ" ಎಂದರು. ನಿಜವಾಗಿಯೂ ಬೇಡ ಎಂದೆ. "ಬನ್ನಿ, ಓಗವ" ಎಂದರು. ನನಗೆ ಸಾಕಾಗಿದೆ, ದಮ್ಮಯ್ಯ ಕೂತ್ಕೊಳ್ಳಿ ಎಂದು ಅವರ ಭುಜ ಹಿಡಿದೆ. ನನ್ನ ಒಂದು ಮಾತನ್ನೂ ಅವರು ನಂಬಲಿಲ್ಲ. ಮೂರನೇ ಸಲ ಅವರು ಕೇಳಲೇ ಇಲ್ಲ, ತಟ್ಟೆಗೆ ಮುದ್ದೆ ಇಕ್ಕುವವರ ಹಾಗೆ ಭುಜದ ಮೇಲಿದ್ದ ನನ್ನ ಕೈ ಸರಿಸಿ, ಕನ್ನಡಕವನ್ನು ನನ್ನ ಮುಖಕ್ಕೆ ತಾವೇ ಕಟ್ಟಿ, ಏಣಿಯ ಕಡೆ ಎಳೆದರು. ಏಣಿಯ ತುದಿಯಲ್ಲಿ ಕೆಳಗಿನ ನೀರು ನೋಡಿ ಒಮ್ಮೆ ಕಣ್ಣು ಮುಚ್ಚಿಕೊಂಡರು. ಆದರೂ ಈ ಸಲ ನೀವು ಮೊದಲು ಎನ್ನದೆ, ಅವರೇ ಮೊದಲು ಇಳಿದರು.