ಲಿಂಗ ಕೈಜಾರಿದ ಮುಂಜಾನಿ

ಅಣ್ಣಗೋಳೇ, ಅಕ್ಕಗೋಳೇ, ಶರಣಾರ್ಥಿರಿ. ಬರೀಲಾಕ ಕುಂತಾಗೂ ನನಗ ನಾಚ್ಕಿ ಬರ್ಲತ್ತದ. ಮುಂಜಾನಿ ಪೂಜಿಗಿ ಕುಂತಾಗ ಇಷ್ಟಲಿಂಗ ನನ್ನ ಎಡಗೈಯಿಂದ ಜಾರಿ ನೆಲಕ್ಕ ಬಿತ್ತು. ಮರುದಿನಾನೂ ಬಿತ್ತು. ಲಿಂಗ ಬೀಳೋದಂದ್ರ ಮಹಾಪಾಪ; ಬೀಳಸ್ಕೊಂಡಾಕಿಗಿ ನಮ್ಮ ಮಂದ್ಯಾಗ ಹ್ಯಾಂಗ ನೋಡ್ತಾರ, ನಿಮಗ ನಾ ಹೇಳ್ಬೇಕಾ?

ಅದು ಬರಗಾಲದ ಬ್ಯಾಸಗಿ. ನಾನು ಬೀದರದಾಗ ಹಾಸ್ಟೆಲಿನಾಗ ಇದ್ದು ಡಾಕ್ಟರಕಿ ಓದ್ಲತ್ತಿದ್ದೆ. ನಮ್ಮೂರು ಔರಾದ ತಾಲೂಕಿನ ಸಂತಪುರ. ಅಲ್ಲಿ ಬಾವಿ ಬತ್ತಿ, ಅಪ್ಪ ಅವ್ವ ಹೈದರಾಬಾದಿಗಿ ಕಟ್ಟಡದ ಕೆಲಸಕ್ಕ ಹೋಗಿದ್ರು. ಅವರಲ್ಲಿ ಇಟ್ಟಂಗಿ ಹೊರ್ಲತ್ತಾರ, ನಾನಿಲ್ಲಿ ಲಿಂಗ ಸುದ್ದಾ ಹಿಡೀಲಾರದಾಕಿ ಆದೆ ಅಂತ ಯಾರಿಗೂ ಬಾಯಿ ಬಿಡ್ಲಿಲ್ಲ. "ತಂದಿ, ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೋ" ಅಂತ ಬೇಡ್ಕೊಂಡೆ, ರಾತ್ರಿ ಊಟ ಬಿಟ್ಟೆ. ಎರಡೂ ಗಲ್ಲ, ಮೂಗಿನ ದಂಡಿ ಕೆಂಪಗಾಗಿದ್ವು. ಬಿಸಲಿಂದು ಅಂದ್ಕೊಂಡು ಮಾರಿಗಿ ಓಢಣಿ ಸುತ್ಕೊಂಡೆ.

ಅದೇ ವಾರ ಕ್ಲಾಸಿನಾಗ ಸರ್ ಲೂಪಸ್ ಬಗ್ಗಿ ಕೇಳಿದ್ರು. ನಾ ಎದ್ದು ನಿಂತು ಗಡಗಡ ಹೇಳ್ದೆ: ಮೈ ಕಾಯೋ ಶಕ್ತಿ ತನ್ನವರ್ಯಾರು, ಹೊರಗಿನವರ್ಯಾರು ಅನ್ನೋದ ಮರ್ತು ಮೈ ಮ್ಯಾಲೇ ತಿರುಗಿ ಬೀಳ್ತದ್ರಿ, ಮನಿ ಕಾಯೋ ನಾಯಿ ಮನಿಯವರಿಗೇ ಕಚ್ಚಿದಂಗ. ಚರ್ಮ, ಕೈಕಾಲಿನ ಸಂದು, ಕಿಡ್ನಿ ಯಾವುದೂ ಬಿಡಂಗಿಲ್ಲ. ಹರೇದ ಹೆಣ್ಮಕ್ಕಳಿಗೇ ಜಾಸ್ತಿ. ಒಬ್ಬರಿಂದ ಒಬ್ಬರಿಗಿ ಹತ್ತಂಗಿಲ್ಲ.

"ಶಾಬಾಸ್" ಅಂದ್ರು ಸರ್. ಎಂಥಾ ಶಾಣ್ಯಾಕಿ ನೋಡ್ರಿ ನಾನು! ನನ್ನ ಕೆಂಪು ಗಲ್ಲ ನೆನಸಿ ಒಂದು ಗಳಿಗಿ ಅನುಮಾನ ಬಂದಿತ್ತು, ಸುಳ್ಳಲ್ಲ. ಆದ್ರ ಓದಿದ ರೋಗ ಎಲ್ಲಾ ನಮಗೇ ಬಂದಂಗ ಅನಸ್ತದಂತ ಹಾಸ್ಟೆಲಿನಾಗ ದಿನಾ ಚಾಷ್ಟಿ ಮಾಡ್ತಿದ್ವಿ. ಮಂದಿ ನಗ್ತಾರಂತ ಸುಮ್ಮನಾದೆ. ಆ ಶಾಬಾಸಕಿ ನೆನಸ್ಕೊಂಡ್ರ ಈಗೂ ಭೂಮಿ ಬಾಯಿ ತೆರದು ನುಂಗ್ಬಾರದಾ ಅನಸ್ತದ.

ಮುಂದ ಕಾಲೂ ಬಾತವು. ಲಿಂಗ ಬೀಳಸಿದ್ದಕ್ಕ ಇದು ಶಿಕ್ಷಾ ಅಂದ್ಕೊಂಡೆ. ಸತ್ತರೂ ಚಿಂತಿಲ್ಲ, ತಪ್ಪು ಒಪ್ಕೊಂಡು ಸಾಯ್ತೇನಿ ಅಂತ ಭಾಲ್ಕಿ ಬಸ್ ಹತ್ತಿದೆ. ಅಲ್ಲಿ ನಮ್ಮವ್ವನ ತಾಯಿ ಇದ್ದಾಳ, ನಾವು ಆಯಿ ಅಂತೀವಿ. ಬಸ್ಸಿನ ಕಂಬಿ ಹಿಡೀಲಾಕೂ ಬೆರಳು ಮಡಚ್ಲಿಲ್ಲ. ಹೋದಾಕೀನೇ ಕಾಲಿಗಿ ಬಿದ್ದೆ.

"ಆಯಿ, ನಾ ಲಿಂಗ ಬೀಳಸೀನಿ. ನನಗ ಉಳಿಗಾಲಿಲ್ಲ."

ಬೈತಾಳ ಅಂದ್ಕೊಂಡಿದ್ದೆ. ಆಯಿ ನನ್ನ ಕೈ ಹಿಡದು ಒತ್ತಿದಳು. ನಾ ಚಿಟ್ಟನೆ ಚೀರಿದೆ.

"ಯವ್ವಾ, ಇದು ಕೈಯೇನ? ಕೊರಡಾಗ್ಯದಲ್ಲ! ನೀ ಎಲ್ಲಿ ಬೀಳಸೀದಿ, ಕೈ ಸೋತದ. ಡಾಕ್ಟರಕಿ ಓದ್ತೀ, ಇಷ್ಟೂ ತಿಳೀಲಿಲ್ಲೇನ ಖೋಡಿ?"

"ಮತ್ತ ದೇವರಿಗಿ ಸಿಟ್ಟು ಬಂದಿಲ್ಲೇನ ಆಯಿ?"

"ಸಿಟ್ಟಾಗಿದ್ರ ಸುಮ್ಮ ಕುಂಡ್ರತಿದ್ದ. ಎರಡ್ ಸಲ ಜಾರಿ ನಿನಗ ಕರದಾನ. ಏಳು, ದವಾಖಾನಿಗಿ ನಡಿ."

ಹೆಗಲ ಮ್ಯಾಲ ಕೈ ಹಾಕ್ಕೊಂಡು ಆಯಿನೇ ಬೀದರಕ್ಕ ಕರಕೊಂಡು ಬಂದಳು. ಅದೇ ಸರ್ ಮುಂದ ಓಢಣಿ ತಗದೆ. ಅವರು ಕುರ್ಚಿ ಎಳದು ಹತ್ರ ಕುಂತ್ರು. ರಕ್ತ, ಮೂತ್ರ ಪರೀಕ್ಷಿ ಆದ್ವು. ಲೂಪಸೇ. ಕಿಡ್ನಿಗೂ ಕೈ ಹಚ್ಚಿತ್ತು, ಆದ್ರ ಪೂರಾ ಕೆಟ್ಟಿರಲಿಲ್ಲ.

"ಇನ್ನ ತಡ ಮಾಡಿದ್ರ ಕಷ್ಟಿತ್ತು. ನನಗ್ಯಾಕ ಹೇಳ್ಲಿಲ್ಲಮ್ಮಾ?"

"ನಾಚ್ಕಿ ಸರ್" ಅಂದೆ. ಅಷ್ಟು ಅಂದು ಬಿಕ್ಕಿ ಬಿಕ್ಕಿ ಅತ್ತೆ.

ಸುದ್ದಿ ಕೇಳಿ ಅಪ್ಪ ಅವ್ವ ಓಡಿ ಬಂದ್ರು. ಗುಳಿಗಿ ಶುರುವಾಗಿ ಬಾವು ಇಳೀತು, ಬೆರಳು ಸಡಲಾದ್ವು. ರೋಗ ಬೇರು ಸಮೇತ ಹೋಗಂಗಿಲ್ಲ, ಗುಳಿಗಿ ಬಿಡಂಗಿಲ್ಲ, ಬಿಸಲಿಗಿ ಹೋಗಂಗಿಲ್ಲ. ನನ್ನ ಒಂದು ವರ್ಷ ಹೋಯ್ತು. ಕಿರಿಯರ ಜೋಡಿ ಹಿಂದಿನ ಬೆಂಚಿನಾಗ ಕುಂತೆ, ಅದೂ ಒಂದು ನಾಚ್ಕಿ.

ಒಂದಿನ ಸರ್ ಮತ್ತ ಅದೇ ಪಾಠಕ್ಕ ಬಂದ್ರು. "ಲೂಪಸ್ ಆದವರಿಗಿ ಯಾರರೆ ನೋಡೀರೇನು?" ಅಂತ ಕೇಳಿದ್ರು. ನನ್ನ ಕಡಿ ನೋಡ್ಲಿಲ್ಲ, ದೊಡ್ಡ ಮನಸ್ಸು ಅವರದು. ನಾ ಎದ್ದು ಮುಂದ ಹೋದೆ, ಓಢಣಿ ತಗದು ಮೇಜಿನ ಮ್ಯಾಲ ಇಟ್ಟೆ.

"ನನಗ ನೋಡ್ರಿ" ಅಂದೆ.

ದೇವರಿಗಿ ನಾ ಬೇಡಿದ್ದು ಕ್ಷಮಾ ಒಂದೇರಿ. ಆತ ಜೀವಾನೇ ಕೊಟ್ಟ. ನಾಚ್ಕಿ ಇನ್ನೂ ಪೂರಾ ಹೋಗಿಲ್ಲ, ಆದ್ರ ಆತನ ಮ್ಯಾಲಿನ ನಂಬಿಗಿ ಗಟ್ಟ್ಯಾಗ್ಯದ. ಮೈಯಾಗಿನ ಬ್ಯಾನಿಗಿ ಪಾಪ ಅಂತ ಹೆಸರಿಟ್ಟು ಮುಚ್ಕೋಬ್ಯಾಡ್ರಿ, ತೋರಸ್ರಿ.